‘ಆಗಲಿ’ ಎನ್ನುವ ಗುಂಡಿ

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಬೇರೆ ಊರುಗಳಲ್ಲಿ ಗಾದೆ. ನಮ್ಮೂರಲ್ಲಿ ಅದು ದಿನಾ ನಡೆಯುವ ಸಂಗತಿ. ನೆರಳಿನಿಂದ ಹೊರಬಂದವರು ಊಟಕ್ಕೆ ಕೂತರೆ ಅನ್ನ ಕಲಸುತ್ತಾರೆ, ತುತ್ತು ಮಾಡುತ್ತಾರೆ, ಕೈ ತಟ್ಟೆಯಿಂದ ಒಂದು ಗೇಣು ಮೇಲೆದ್ದು ಅಲ್ಲೇ ನಿಂತುಬಿಡುತ್ತದೆ. ಯಾರಾದರೂ ‘ಆಗಲಿ’ ಎನ್ನಬೇಕು. ಎಂದರೆ ಊಟ ಮುಗಿಯುವವರೆಗೆ ತೊಂದರೆಯಿಲ್ಲ. ಎನ್ನದಿದ್ದರೆ ಅನ್ನ ಆರುತ್ತದೆ, ಕೈ ಮಾತ್ರ ಹಾಗೇ ಇರುತ್ತದೆ. ಸ್ನಾನದ ಮೊದಲ ಚೊಂಬು, ಹೊಸ್ತಿಲಾಚೆಯ ಮೊದಲ ಹೆಜ್ಜೆ, ಎಲ್ಲ ಶುರುವಿಗೂ ಇದೇ ಗೋಳು. ಆಸ್ಪತ್ರೆಯ ಡಾಕ್ಟರು ನನ್ನ ಮೊಣಕೈ ಹಿಡಿದು ತಿರುಗಿಸಿ, “ಕೀಲೆಲ್ಲ ಸರಿಯಾಗಿದೆ ಕಣಮ್ಮ, ಮುಂದಿನೋರನ್ನ ಕಳ್ಸು” ಎಂದರು. ಊರಿಗೆ ಇದು ಅಭ್ಯಾಸವಾಗಿತ್ತು. ಬಸ್ಸಿನ ಕಂಡಕ್ಟರು “ಆಗ್ಲಿ ಆಗ್ಲಿ, ಹತ್ತಿ” ಎಂದು ಒಟ್ಟಿಗೇ ಕೂಗುತ್ತಿದ್ದ. ಮೆಸ್ಸಿನ ಪುಟ್ಟತಾಯಮ್ಮ ಸಾರಿನ ಸೌಟಿನ ಜೊತೆ ಒಂದು ಆಗಲಿಯನ್ನೂ ಬಡಿಸುತ್ತಿದ್ದಳು. ಕೆಲವು ಪುಂಡರು ಮಾತ್ರ ಬೇಕೆಂದೇ ಬಾಯಿ ಮುಚ್ಚಿಕೊಂಡು, ನಮ್ಮ ಎತ್ತಿದ ಕೈ ನೋಡಿ ನಗುತ್ತಿದ್ದರು. ಅವರನ್ನು ನಾನು ಈಗಲೂ ಕ್ಷಮಿಸಿಲ್ಲ.

ನೆರಳು ಎನ್ನುವುದು ಊರ ಮೂಡಣ ತುದಿಯಲ್ಲಿ ಎತ್ತರದ ಬಿಳಿ ಗೋಡೆ ಕಟ್ಟಿಕೊಂಡು ಕೂತಿರುವ ಒಂದು ಪಂಥ. ಅದರ ಯಜಮಾನರಿಗೆ ಎಲ್ಲರೂ ಅಯ್ಯನವರು ಎನ್ನುತ್ತಾರೆ. ಗೋಡೆಯೊಳಗೆ ಅವರನ್ನು ಕೇಳದೆ ಯಾರೂ ಏನನ್ನೂ ಶುರುಮಾಡುವಂತಿಲ್ಲ. ಕೇಳಿದರೆ ಅವರು ‘ಆಗಲಿ’ ಎನ್ನುತ್ತಾರೆ, ಇಲ್ಲವೇ ಸುಮ್ಮನೆ ನಮ್ಮ ಮುಖ ನೋಡುತ್ತಾ ಕೂತಿರುತ್ತಾರೆ. ಜಗತ್ತಿಗೆಲ್ಲ ಮೌನಂ ಸಮ್ಮತಿ ಲಕ್ಷಣಂ. ನೆರಳಿನಲ್ಲಿ ಮಾತ್ರ ಮೌನ ಎಂದರೆ ಕೂಡದು ಎಂದರ್ಥ. ‘ಬೇಡ’ ಎಂಬ ಮಾತನ್ನು ಅವರ ಬಾಯಲ್ಲಿ ನಾನು ಇಪ್ಪತ್ತೆರಡು ವರ್ಷಗಳಲ್ಲಿ ಒಂದು ಸಲವೂ ಕೇಳಲಿಲ್ಲ. ಬೇಡ ಎಂದವರನ್ನು ಯಾಕೆ ಎಂದು ಕೇಳಬಹುದು, ಜಗಳವಾಡಬಹುದು. ಸುಮ್ಮನಿರುವವರ ಹತ್ತಿರ ಏನು ಜಗಳ? ನಾವೇ ತಲೆ ತಗ್ಗಿಸಿ ಹಿಂದೆ ಸರಿಯುತ್ತಿದ್ದೆವು. ಅಪ್ಪ ತೀರಿಕೊಂಡ ವರ್ಷ ಅಮ್ಮ ನಮ್ಮಿಬ್ಬರನ್ನು ಅಲ್ಲಿಗೆ ಕರೆದುಕೊಂಡು ಹೋದಳು. ನನಗೆ ಆಗ ಒಂಬತ್ತು, ತಂಗಿ ಮಂದಾಕಿನಿಗೆ ಮೂರು. ಅಮ್ಮ ಅಲ್ಲೇ ಸತ್ತಳು. ಕೊನೆಯ ದಿನ ಕಣ್ಣು ಮುಚ್ಚಲೇ ಎಂದು ಕೇಳಿದಳು. ಅಯ್ಯನವರು ಆಗಲಿ ಎಂದರು.

ನಾವು ಹೊರಬಂದದ್ದು ಮೊಸರಿನ ದೆಸೆಯಿಂದ. ಒಂದು ಸಂಜೆ ಬೆಕ್ಕು ಮೊಸರಿನ ಗಡಿಗೆ ಉರುಳಿಸಿ, ನೆರಳಿನ ಅಡುಗೆಮನೆಯಲ್ಲಿ ಹಾಲಿಗೆ ಹಾಕಲು ಒಂದು ಚಮಚ ಹೆಪ್ಪೂ ಇಲ್ಲದಂತಾಯಿತು. ನಾನು ಹೋಗಿ, “ಊರೊಳಗಿಂದ ಹೆಪ್ಪು ತರಲಾ ಅಯ್ಯನವರೇ? ಮಂದಾನೂ ಜೊತೆಗೆ ಬರ್ತಾಳೆ” ಎಂದೆ. ಅವರು ಏನೋ ಓದುತ್ತಿದ್ದವರು ತಲೆ ಎತ್ತದೆ “ಆಗಲಿ” ಎಂದರು. ಬಟ್ಟಲು ಹಿಡಿದು ಗೇಟು ದಾಟಿದೆವು. ಹೋಗಲು ಅಪ್ಪಣೆ ಕೊಟ್ಟವರು ಇಷ್ಟು ಹೊತ್ತಿಗೆ ಬಾ ಎಂದಿರಲಿಲ್ಲ. ಅಂಗಡಿ ಬೀದಿಯಲ್ಲಿ ಮಂದಾ ನನ್ನ ಸೆರಗು ಹಿಡಿದು, “ಅಕ್ಕಾ, ಹೆಪ್ಪು ಸಿಗದಿದ್ರೆ?” ಎಂದಳು. “ಸಿಗೋವರೆಗೂ ಹುಡುಕೋಣ” ಎಂದೆ. ಹಾಗೆ ಮೂರು ವರ್ಷ ಹುಡುಕಿದೆವು.

ನಾವು ಜವರಣ್ಣ ಎನ್ನುವ ಜವರಪ್ಪನವರ ಜೆರಾಕ್ಸ್ ಅಂಗಡಿಯ ಮೇಲೆ ನಮಗೊಂದು ಕೋಣೆ ಸಿಕ್ಕಿತು. ಅಂಗಡಿಯಲ್ಲಿ ಅರ್ಜಿ ಟೈಪು ಮಾಡುವುದು ನನ್ನ ಕೆಲಸ. ಮಂದಾ ಸೀರೆಗೆ ಫಾಲ್ ಹೊಲಿಯುತ್ತಿದ್ದಳು. ಬಿಡುವಾದಾಗ ಕೆಳಗೆ ಬಂದು ಕಂಪ್ಯೂಟರನ್ನು ನನಗಿಂತ ಬೇಗ ಕಲಿತಳು. ಊಟಕ್ಕೆ ಎದುರುಬದುರು ಕೂತು ಒಬ್ಬರಿಗೊಬ್ಬರು ಆಗಲಿ ಎನ್ನುತ್ತಿದ್ದೆವು. ನನ್ನ ಮಾತು ಅವಳಿಗೆ ನಡೆಯುತ್ತಿತ್ತು, ಅವಳ ಮಾತು ನನಗೆ. ತನ್ನದು ತನಗೆ ಮಾತ್ರ ಯಾರಿಗೂ ನಡೆಯದು. ಹೊರಗೆ ಹೊರಟಾಗಲೆಲ್ಲ ಅವಳು ಬಾಗಿಲಲ್ಲಿ ನಿಂತು “ಬರ್ಲಾ ಅಕ್ಕಾ?” ಎನ್ನುವಳು. ಹೊರಡುವವರು ಹೋಗ್ತೀನಿ ಎನ್ನಬಾರದು, ಅಪಶಕುನ, ಬರ್ತೀನಿ ಎನ್ನಬೇಕು ಎಂದು ಅಮ್ಮ ಕಲಿಸಿದ್ದಳು. ಹೋಗುವುದಕ್ಕೂ ಬರುವುದಕ್ಕೂ ನಮ್ಮಲ್ಲಿ ಒಂದೇ ಮಾತು. “ಆಗಲಿ, ಬೇಗ ಬಾ” ಎನ್ನುತ್ತಿದ್ದೆ. ದಾರದ ಉಂಡೆ ಕೊಂಡು ಹತ್ತು ನಿಮಿಷಕ್ಕೆ ಬರುತ್ತಿದ್ದಳು. ಆ ದಿನಗಳು ಚೆನ್ನಾಗಿದ್ದವು. ಅದು ನನಗೆ ಆಗ ಗೊತ್ತಿರಲಿಲ್ಲ.

ಒಂಟಿಯಾಗಿ ಹೊರಬಂದವರ ಪಾಡು ಬೇರೆ. ನೆರಳಿನಲ್ಲಿ ನಲವತ್ತು ವರ್ಷ ಹೂ ಕಟ್ಟಿದ ಮಾದಣ್ಣ ಎಂಬ ಮುದುಕ ಒಂದು ದಿನ ಹೊರಬಂದು ನಮ್ಮ ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದ. ಹಬ್ಬಕ್ಕೆಂದು ಅಕ್ಕಪಕ್ಕದವರೆಲ್ಲ ಊರಿಗೆ ಹೋಗಿದ್ದರು. ಬಂದು ಬಾಗಿಲು ತಳ್ಳಿದರೆ ಮಾದಣ್ಣ ತಟ್ಟೆಯ ಮುಂದೆ ಹಾಗೇ ಗೋಡೆಗೊರಗಿದ್ದ. ಉಪ್ಪಿಟ್ಟು ಕಲ್ಲಾಗಿತ್ತು, ಬೆರಳುಗಳ ನಡುವಿನ ತುತ್ತಿಗೆ ಇರುವೆ ಹತ್ತಿತ್ತು, ಉಸಿರು ಹೋಗಿತ್ತು. ಒಳಗಿದ್ದಾಗ ನೆಟ್ಟಗಿದ್ದ, ಹೊರಗೆ ಹೋಗಿ ಸತ್ತ ಎಂದು ನೆರಳಿನವರು ಆಡಿಕೊಂಡದ್ದು ಕಿವಿಗೆ ಬಿತ್ತು. ನನಗೆ ಮೈ ಉರಿದುಹೋಯಿತು. ಮರುದಿನ ಬೆಳಗ್ಗೆಯೇ ಜವರಣ್ಣನ ಮುಂದೆ ಕೂತು, ಹೊರಬಂದವರಿಗೆಲ್ಲ ಆಸರೆಯಾಗುವಂಥ ಒಂದು ವೆಬ್‌ಸೈಟ್ ಮಾಡಿಕೊಡಿ ಎಂದೆ. ಹೆಸರು ‘ಬಿಸಿಲು’ ಎಂದಿಡೋಣ ಎಂದೆ. ನೆರಳಿಗೆ ಬಿಸಿಲೇ ಮದ್ದು ಎಂದು ಆಗ ಬಹಳ ಜಾಣ್ಮೆಯ ಮಾತಾಡಿದ ಹಾಗೆ ಅನ್ನಿಸಿತ್ತು.

ಜವರಣ್ಣ ನೆರಳಿನವರಲ್ಲ, ಊರವರು. ನಾಲ್ಕು ಮಕ್ಕಳ ತಂದೆ, ತಮಾಷೆಯ ಮನುಷ್ಯ. ಹದಿನೈದು ದಿನದಲ್ಲಿ ಸೈಟು ಕಟ್ಟಿಕೊಟ್ಟರು. ರೇಷನ್ ಕಾರ್ಡು ಮಾಡಿಸುವುದು ಹೇಗೆ, ಬಾಡಿಗೆಗೆ ಮನೆ ಯಾರು ಕೊಡುತ್ತಾರೆ, ಒಳಗುಳಿದ ಮಕ್ಕಳಿಗೆ ಕಾಗದ ಬರೆಯುವುದು ಹೇಗೆ ಎಂದೆಲ್ಲ ನಾನು ಇಪ್ಪತ್ತು ಪುಟ ಬರೆದೆ. ಅವನ್ನು ಯಾರೂ ಓದಲಿಲ್ಲ, ಅದು ಬೇರೆ ಮಾತು. ಮುಖ್ಯವಾದದ್ದು ಮೊದಲ ಪುಟದ ಗುಂಡಿ. ಮೇಲಿನ ಚೌಕದಲ್ಲಿ ಏನು ಮಾಡಬೇಕೆಂದು ಬರೆದು, ಕೆಳಗಿನ ಗುಂಡಿ ಒತ್ತಿದರೆ, ನನ್ನ ಧ್ವನಿ ‘ಆಗಲಿ’ ಎನ್ನುತ್ತದೆ. ಮೊದಲ ದಿನ ಗುಂಡಿಯ ಮೇಲೆ ನಾನು ದೀರ್ಘ ಮರೆತು ‘ಅಗಲಿ’ ಎಂದು ಟೈಪು ಮಾಡಿದ್ದೆ. ಮಂದಾ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಕ್ಕಾ, ಊಟ ಮಾಡ್ಲಾ ಅಂದೋರಿಗೆ ದೂರ ಆಗಿ ಅಂತಿದ್ದೀಯಲ್ಲೇ! ಮೊದ್ಲೇ ಗುಂಡಿ ಅಂತ ಹೆಸ್ರು. ಒತ್ತೋದೂ ಗುಂಡಿನೇ, ಬೀಳೋದೂ ಗುಂಡಿನೇ.” ನಾನೂ ನಕ್ಕು ಒಂದು ಅಕ್ಷರ ತಿದ್ದಿದೆ.

ಸೈಟು ತೆರೆಯುವ ಮುಂಚೆ ಜವರಣ್ಣ ತಲೆ ಕೆರೆದುಕೊಂಡು, “ಹೈಮಕ್ಕಾ, ಪಕ್ಕದಲ್ಲಿ ಬೇಡ ಅನ್ನೋ ಬಟನ್ನೂ ಒಂದು ಇಡಾಣ” ಎಂದರು. ನನ್ನ ಹೆಸರು ಹೈಮವತಿ, ಅವರ ಬಾಯಲ್ಲಿ ಹೈಮಕ್ಕ. “ಮಕ್ಳು ಸಾಕ್ದೋನು ಹೇಳ್ತೀನಿ ಕೇಳಿ. ಹತ್ತು ಸಲ ಆಗ್ಲಿ ಅಂದ್ರೆ ಎರಡು ಸಲನಾದ್ರೂ ಬೇಡ ಅನ್ಬೇಕಾಯ್ತದೆ. ಇಲ್ದಿದ್ರೆ ಆಗ್ಲಿ ಅನ್ನೋದಕ್ಕೆ ಬೆಲೆ ಎಲ್ಲಿ?”

“ಇಪ್ಪತ್ತೆರಡು ವರ್ಷ ಮುಖ ನೋಡಿ ಸುಮ್ಮನಿರೋರನ್ನ ಕಂಡಿದ್ದೀವಿ ಜವರಣ್ಣ. ಇಲ್ಲಿ ಯಾರಿಗೂ ಯಾವುದಕ್ಕೂ ಅಡ್ಡಿಯಿಲ್ಲ” ಎಂದೆ. ಆ ಮಾತು ಹೇಳುವಾಗ ನನಗೆ ಬಹಳ ಹೆಮ್ಮೆಯೆನಿಸಿತ್ತು. ಮಂದಾ ಏನೋ ಹೇಳಲು ಬಾಯಿ ತೆರೆದು, ನನ್ನ ಮುಖ ನೋಡಿ ಸುಮ್ಮನಾದಳು.

ಮೊದಲ ಪರೀಕ್ಷೆ ಅವಳ ಮೇಲೆಯೇ ನಡೆಯಿತು. ಮೊಸರನ್ನದ ತಟ್ಟೆ ಮುಂದಿಟ್ಟುಕೊಂಡು ಚೌಕದಲ್ಲಿ ‘ಊಟ ಮಾಡಲೇ?’ ಎಂದು ಬರೆದು ಒತ್ತಿದಳು. ಫೋನಿನಿಂದ ನನ್ನ ಧ್ವನಿ ಬಂತು. ಕೈ ಸರಾಗವಾಗಿ ಬಾಯಿಗೆ ಹೋಯಿತು. ಜವರಣ್ಣ ಚಪ್ಪಾಳೆ ತಟ್ಟಿದರು. ಮಂದಾ ಅಗಿಯುತ್ತಾ, “ಉಪ್ಪು ಕಮ್ಮಿ” ಎಂದಳು.

ಆರು ತಿಂಗಳಲ್ಲಿ ಆರುನೂರು ಜನ ಸೇರಿಕೊಂಡರು. ಇಷ್ಟೊಂದು ಜನ ನೆರಳಿನಿಂದ ಹೊರಬಂದು ಮೂಲೆಮೂಲೆಯಲ್ಲಿ ಕೈ ಎತ್ತಿಕೊಂಡು ಕೂತಿದ್ದರೆಂದು ಊರಿಗೇ ಗೊತ್ತಿರಲಿಲ್ಲ. ಬೀದಿಯಲ್ಲಿ ನಡೆದರೆ ಕಿಟಕಿ ಕಿಟಕಿಯಿಂದ ನನ್ನದೇ ಧ್ವನಿ ಕೇಳಿಸುತ್ತಿತ್ತು. ಹೆಂಗಸರು ಸಂತೆಯಲ್ಲಿ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಬೇಡಿ ಬೇಡಿ ಎನ್ನುತ್ತಲೇ ನಾನು ಕೈ ಮುಂದೆ ಚಾಚುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಜನ ಬರೆದದ್ದೆಲ್ಲ ದಾಖಲಾಗುತ್ತಿತ್ತು. ದಿನಾ ಬೆಳಗ್ಗೆ ಕಾಫಿ ಹಿಡಿದು ಅದನ್ನು ಓದುತ್ತಿದ್ದೆ. ಸ್ನಾನ ಮಾಡಲೇ, ಆಗಲಿ. ಮೈಸೂರುಪಾಕ್ ತಿನ್ನಲೇ, ಆಗಲಿ. ಅಳಲೇ, ಆಗಲಿ. ಅದನ್ನು ಓದಿ ನಾನೂ ಅತ್ತೆ. ನಾಲ್ಕನೆಯ ತಿಂಗಳಲ್ಲಿ ಒಬ್ಬ ಬರೆದಿದ್ದ: ಹೆಂಡತಿಗೆ ಹೊಡೆಯಲೇ? ಅದರ ಮುಂದೆಯೂ ಆಗಲಿ ಎಂದೇ ಇತ್ತು. ನನ್ನ ಧ್ವನಿಯಲ್ಲೇ ಹೇಳಿರಬೇಕಲ್ಲ. ಜವರಣ್ಣನಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಬೇಲಿನೇ ಹೊಲ ಮೇಯಂಗಾಯ್ತಲ್ಲ ಹೈಮಕ್ಕ. ಈಗ್ಲಾದ್ರೂ ಬೇಡ ಇಡಾಣ” ಎಂದರು. ನೋಡೋಣ ಎಂದೆ. ಸಾವಿರಕ್ಕೊಬ್ಬ ಕೆಟ್ಟವನಿದ್ದರೆ ಉಳಿದವರಿಗೆ ಯಾಕೆ ಶಿಕ್ಷೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಹೆಂಗಸು ಯಾರೆಂದು ಹುಡುಕಲೂ ಇಲ್ಲ.

ಈ ಗದ್ದಲದಲ್ಲಿ ಮಂದಾ ಗುಂಡಿಯ ಪಾಲಾದಳು. ನನಗೆ ಸಾವಿರ ಕಾಗದಗಳಿಗೆ ಉತ್ತರ ಬರೆಯಬೇಕಿತ್ತು. ಅವಳು ಊಟಕ್ಕೆ ಕೂತು ನನ್ನ ಕಡೆ ನೋಡಿದರೆ, “ಫೋನಲ್ಲಿ ಒತ್ಕೊಳ್ಳೇ, ಎಲ್ಲರ ಹಾಗೆ” ಎನ್ನುತ್ತಿದ್ದೆ. ಆದರೆ ನನ್ನ ಧ್ವನಿ ನನಗೆ ನಡೆಯದಲ್ಲ, ಹಾಗಾಗಿ ನನಗೆ ಅವಳೇ ಬೇಕು. ನಾನು ಕಂಪ್ಯೂಟರಿನ ಮುಂದಿಂದ “ಮಂದಾ!” ಎಂದರೆ ಅವಳು ಹೊಲಿಗೆ ಬಿಟ್ಟು ಬಂದು ಆಗಲಿ ಎಂದು ಹೋಗಬೇಕು. ಅವಳಿಗೆ ಡಬ್ಬಿಯ ಧ್ವನಿ, ನನಗೆ ಜೀವಂತ ತಂಗಿ. ಇದರಲ್ಲಿ ಅನ್ಯಾಯವಿದೆ ಎಂದು ನನಗೆ ಹೊಳೆಯಲೇ ಇಲ್ಲ. ಒಂದು ದಿನ ಅವಳು, “ನಂದೂ ಒಂದು ಆಗಲಿ ರೆಕಾರ್ಡ್ ಮಾಡಿಟ್ಕೋ ಅಕ್ಕಾ. ನಾನಿಲ್ದಾಗ ಬೇಕಾಗುತ್ತೆ” ಎಂದಳು. “ನೀನೆಲ್ಲಿಗೆ ಹೋಗ್ತೀಯ? ಸುಮ್ನೆ ಕೆಲಸ ನೋಡು” ಎಂದು ಗದರಿದೆ.

ಅದಾಗಿ ಒಂದು ವಾರಕ್ಕೆ, ಮಧ್ಯಾಹ್ನ ನಾಲ್ಕರ ಹೊತ್ತು, ಅವಳು ಬಾಗಿಲಲ್ಲಿ ನಿಂತು “ಬರ್ಲಾ ಅಕ್ಕಾ?” ಎಂದಳು. ನಾನು ಯಾರಿಗೋ ಧೈರ್ಯ ತುಂಬುವ ಕಾಗದ ಟೈಪು ಮಾಡುತ್ತಿದ್ದೆ. ತಿರುಗಿ ನೋಡಲಿಲ್ಲ. ಬಾಯಲ್ಲಿ ಹೇಳುವ ತಾಪತ್ರಯವೂ ಬೇಡವೆಂದು ಮೌಸನ್ನು ಗುಂಡಿಯ ಮೇಲೆ ಒತ್ತಿದೆ. ಸ್ಪೀಕರಿನಲ್ಲಿ ನನ್ನ ಧ್ವನಿ ‘ಆಗಲಿ’ ಎಂದಿತು. ಅವಳು ಒಂದು ಕ್ಷಣ ಅಲ್ಲೇ ನಿಂತಿದ್ದಳು, ಅದು ಬೆನ್ನಿಗೆ ಗೊತ್ತಾಯಿತು. ಆಮೇಲೆ ಮೆಟ್ಟಿಲಿಳಿದ ಸದ್ದು.

ದೀಪ ಹಚ್ಚುವ ಹೊತ್ತಾದರೂ ಬರಲಿಲ್ಲ. ಹೊಸ್ತಿಲ ಬಳಿ ಹೋದೆ, ಕಾಲು ಏಳಲಿಲ್ಲ. ಕೆಳಗೆ ಜವರಣ್ಣನನ್ನು ಕೂಗಿ, ಅವರಿಂದ ಆಗಲಿ ಎನ್ನಿಸಿಕೊಂಡು ಬೀದಿಗಿಳಿದೆ. ದಾರದ ಅಂಗಡಿಯವನು ಕಂಡಿಲ್ಲ ಎಂದ. ಮೆಸ್ಸಿನ ಪುಟ್ಟತಾಯಮ್ಮ ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ, “ನಾಲ್ಕು ಗಂಟೇಲಿ ಬಂದಿತ್ತಲ್ಲವ್ವ ನಿನ್ ತಂಗಿ. ಒಂದು ಬಟ್ಲು ಹೆಪ್ಪು ಈಸ್ಕೊಂಡು ಹೋಯ್ತು. ಮನೇಲಿ ಹಾಲು ಜಾಸ್ತಿ ಆಗಿತ್ತೇನೋ ಅಂದ್ಕೊಂಡೆ” ಎಂದಳು.

ನಮ್ಮ ಮನೆಯಲ್ಲಿ ಹಾಲಿರಲಿಲ್ಲ. ಹೆಪ್ಪಿಗಾಗಿ ಕಾದಿದ್ದ ಮನೆ ಊರಿಗೆಲ್ಲ ಒಂದೇ.

ಮರುದಿನ ಬೆಳಗ್ಗೆ ಬಿಳಿ ಗೋಡೆಯ ಗೇಟಿನ ಮುಂದೆ ನಿಂತೆ. ಮಂದಾ ಬಂದಳು. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದಿದ್ದರು. ಹಿಂದೆ ಸ್ವಲ್ಪ ದೂರದಲ್ಲಿ ಅಯ್ಯನವರು ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಮೂರು ವರ್ಷದಲ್ಲಿ ಅವರಿಗೆ ಒಂದು ಕೂದಲೂ ಹೆಚ್ಚಿಗೆ ನೆರೆತಿರಲಿಲ್ಲ.

“ಬೇಡ ಮಂದಾ. ಇಲ್ಲಿರಬೇಡ. ನಡಿ ಮನೆಗೆ” ಎಂದೆ.

ಅವಳು ಗೇಟಿನ ಸರಳು ಹಿಡಿದು ನನ್ನನ್ನೇ ನೋಡಿದಳು. “ಈಗ ಹೇಳ್ತಿದ್ದೀಯಾ ಅಕ್ಕಾ? ನಿನ್ನೆ ಕೇಳಿದ್ನಲ್ಲ, ಬಾಗಿಲಲ್ಲಿ ನಿಂತು. ಒಂದು ಸಲ ಬೇಡ ಅಂದಿದ್ರೆ ಸಾಕಿತ್ತು. ಬಟ್ಲು ಅಲ್ಲೇ ಇಟ್ಟು ಸೂಜಿ ಹಿಡೀತಿದ್ದೆ.”

“ನೀನು ಅಂಗಡಿಗೆ ಹೊರಟೆ ಅಂದ್ಕೊಂಡೆ ಕಣೇ.”

“ತಿರುಗಿ ನೋಡಿದ್ರೆ ಕೈಲಿ ಬಟ್ಲು ಕಾಣ್ತಿತ್ತು.” ಅವಳ ಧ್ವನಿ ಏರಲಿಲ್ಲ. “ಇಲ್ಲಿ ಅಯ್ಯನವರು ಕೆಲವು ಸಲ ಸುಮ್ನಿರ್ತಾರೆ. ಸುಮ್ನಿರೋಕಾದ್ರೂ ಮುಖ ನೋಡ್ಬೇಕಲ್ಲ ಅಕ್ಕಾ. ನೀನು ನನ್ನ ಮುಖ ನೋಡಿ ಎಷ್ಟು ದಿನ ಆಯ್ತು?”

ನನ್ನ ಬಾಯಿ ಒಣಗಿತು. ಅವಳು ಅದನ್ನು ಕಂಡಳು, ನನ್ನ ಒಣ ಬಾಯಿಯನ್ನು ಅವಳಷ್ಟು ಬಲ್ಲವರಿಲ್ಲ. ಒಳಗೆ ಹೋಗಿ ಹಿತ್ತಾಳೆ ಲೋಟದಲ್ಲಿ ನೀರು ತಂದು ಸರಳುಗಳ ನಡುವೆ ಕೊಟ್ಟಳು. ಲೋಟ ಹಿಡಿದೆ. ಕೈ ಎದೆಯವರೆಗೆ ಬಂದು ನಿಂತಿತು. ಮಂದಾಳ ತುಟಿ ಅಲುಗಿತು, ಆದರೆ ನೆರಳಿನೊಳಗೆ ಆಗಲಿ ಎನ್ನುವ ಹಕ್ಕು ಒಬ್ಬರಿಗೇ. ಬೆತ್ತದ ಕುರ್ಚಿ ಕಿರುಗುಟ್ಟಿತು.

“ಹೆಪ್ಪು ತರೋಕೆ ಇಷ್ಟು ದಿನ ಆಯ್ತೇನು ತಾಯಿ?” ಎಂದರು ಅಯ್ಯನವರು, ನಗುನಗುತ್ತಾ. “ಹೋಗ್ಲಿ, ತಂಗಿ ತಂದ್ಲು. ಜಾಣೆ. ಕಂಪ್ಯೂಟರ್ ಕಲಿತು ಬಂದಿದ್ದಾಳೆ, ನಮಗೂ ನಿಮ್ಮ ಥರದ್ದೇ ಒಂದು ಸೈಟು ಮಾಡಿಕೊಡ್ತಾಳೆ. ಕುಡಿ ತಾಯಿ, ನೀರು ಕುಡಿ. ಆಗಲಿ.”

ಕುಡಿಯಬಾರದು ಎಂದು ನಾನು ಹಲ್ಲು ಕಚ್ಚಿದೆ. ಲೋಟ ಎಸೆಯಬೇಕು ಎಂದುಕೊಂಡೆ. ಕೈ ನನ್ನನ್ನು ಕೇಳಲಿಲ್ಲ. ಅದು ನೆಟ್ಟಗೆ ತುಟಿಗೆ ಹೋಯಿತು, ತಳದ ಹನಿಯವರೆಗೂ ಕುಡಿಸಿತು. ನೀರು ತಣ್ಣಗಿತ್ತು, ಸಿಹಿಯಾಗಿತ್ತು. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. ಖಾಲಿ ಲೋಟ ಈಸಿಕೊಂಡು ಮಂದಾ ಒಳಗೆ ಹೋದಳು. ಬರ್ಲಾ ಎಂದು ಈ ಸಲ ಅವಳು ನನ್ನನ್ನು ಕೇಳಲಿಲ್ಲ, ಅಯ್ಯನವರ ಕಡೆ ನೋಡಿದಳು.

ಅಂಗಡಿಗೆ ಬಂದವಳೇ ಜವರಣ್ಣನಿಗೆ ಬೇಡ ಎನ್ನುವ ಗುಂಡಿ ಇಡಿ ಎಂದೆ. ಅವರು ಮೊದಲೇ ಹೇಳಿರಲಿಲ್ವಾ ಎಂದು ಚುಚ್ಚಲಿಲ್ಲ, ಅದು ಅವರ ದೊಡ್ಡತನ. ‘ಬೇಡ’ ಎಂದು ಧ್ವನಿ ಕೊಡಲು ನನಗೆ ಮರುದಿನ ಇಡೀ ಬೆಳಗ್ಗೆ ಹಿಡಿಯಿತು. ಗದರಿದ ಹಾಗಿರಬಾರದು, ಬೇಡಿಕೊಂಡ ಹಾಗೂ ಇರಬಾರದು. ಕೊನೆಗೆ ಕಣ್ಣು ಮುಚ್ಚಿ, ಬಾಗಿಲಲ್ಲಿ ಬಟ್ಟಲು ಹಿಡಿದು ನಿಂತವಳನ್ನು ನೆನೆದು ಹೇಳಿದೆ. ಜವರಣ್ಣ “ಇದು ಸರಿಹೋಯ್ತು” ಎಂದು ಬೇರೆ ಕಡೆ ನೋಡಿದರು. ಆರುನೂರು ಜನರಲ್ಲಿ ಒಬ್ಬರೂ ಆ ಗುಂಡಿಯನ್ನು ಒತ್ತಲಿಲ್ಲ. ಪಕ್ಕದಲ್ಲೇ ಆಗಲಿ ಇರುವಾಗ ಬೇಡ ಎನ್ನಿಸಿಕೊಳ್ಳಲು ಯಾರಿಗೆ ತಾನೇ ಹುಚ್ಚು? ನಾನೀಗ ಪುಟ್ಟತಾಯಮ್ಮನ ಮೆಸ್ಸಿನಲ್ಲಿ ಉಣ್ಣುತ್ತೇನೆ. ಅವಳು ಬಡಿಸುವಾಗ ಹೇಳುವ ಆಗಲಿಯಲ್ಲಿ ಸಾರಿನ ಕಡೆ ಗಮನವೇ ಹೆಚ್ಚು. ಹೊಟ್ಟೆಗೆ ಸಾಕು.

ದಿನಾ ದಾಖಲೆ ಓದುವುದನ್ನು ನಾನು ಬಿಟ್ಟಿದ್ದೆ. ತಿಂಗಳ ಮೇಲೆ ಒಂದು ಬೆಳಗ್ಗೆ ಜವರಣ್ಣ ದಾಖಲೆಯ ಹಾಳೆಯನ್ನು ತೆರೆದು, “ಹೈಮಕ್ಕಾ, ಬನ್ನಿ ಇಲ್ಲಿ” ಎಂದರು. ಬೇಡ ಗುಂಡಿಗೆ ಮೊದಲ ಗಿರಾಕಿ ಸಿಕ್ಕಿತ್ತು. ನೆರಳಿನ ಕಚೇರಿಯ ಕಂಪ್ಯೂಟರಿನಿಂದ ಒತ್ತಿದ್ದು. ಹನ್ನೊಂದು ದಿನ, ದಿನಾ ಮಧ್ಯಾಹ್ನ ನಾಲ್ಕು ಗಂಟೆಗೆ. ಚೌಕದಲ್ಲಿ ಒಂದೇ ಮಾತು: ಬರ್ಲಾ ಅಕ್ಕಾ? ಮುಂದೆ ಒತ್ತಿದ ಗುಂಡಿ: ಬೇಡ.

ಹೊರಡಲೇ ಎಂದು ಕೇಳುತ್ತಿದ್ದಾಳೆಯೇ? ಹಾಗಾದರೆ ಅಂದು ನಾಲ್ಕು ಗಂಟೆಗೆ ನಾನು ಹೇಳದೆ ಹೋದ ಉತ್ತರವನ್ನು ಅವಳು ದಿನಾ ನನ್ನ ಬಾಯಲ್ಲಿ ಹೇಳಿಸಿಕೊಳ್ಳುತ್ತಿದ್ದಾಳೆ, ಅದು ಅವಳಿಗೆ ಬೇಕು. ಅಥವಾ ಮನೆಗೆ ವಾಪಸು ಬರಲೇ ಎಂದು ಕೇಳುತ್ತಿದ್ದಾಳೆಯೇ? ಹಾಗಾದರೆ ನನ್ನ ತಂಗಿಗೆ ಬರಬೇಡ ಎಂದು ನಾನೇ ಹನ್ನೊಂದು ಸಲ ಹೇಳಿದ್ದೇನೆ, ಬೆಳಗ್ಗೆಯೆಲ್ಲ ಕೂತು ತಿದ್ದಿದ ಧ್ವನಿಯಲ್ಲಿ. ಎರಡಕ್ಕೂ ಒಂದೇ ಮಾತು ಕಲಿಸಿದ ಅಮ್ಮ ಬದುಕಿಲ್ಲ.

“ತೆಗೆದ್ಬಿಡ್ಲಾ ಹೈಮಕ್ಕ ಈ ಬೇಡಾನ?” ಎಂದು ಕೇಳಿದರು ಜವರಣ್ಣ, ಮೌಸ್ ಹಿಡಿದು. “ಹೇಳಿ, ಒಂದೇ ನಿಮಿಷದ ಕೆಲಸ.”

ತೆಗೆದರೆ ಅವಳಿಗೆ ಅಲ್ಲಿ ಉಳಿದಿರುವ ಒಂದೇ ಮಾತನ್ನು ಕಿತ್ತುಕೊಂಡ ಹಾಗೆ. ಬಿಟ್ಟರೆ ಅವಳ ದಾರಿಗೆ ನಾನೇ ಅಡ್ಡ ನಿಂತ ಹಾಗೆ. ಆಗಲಿ ಎನ್ನಲು ಬಾಯಿ ಬರಲಿಲ್ಲ, ಬೇಡ ಎನ್ನಲೂ ಬರಲಿಲ್ಲ. ನಾನು ಏನೂ ಹೇಳದೆ ಅವರ ಮುಖ ನೋಡುತ್ತಾ ಕೂತೆ. ಜವರಣ್ಣ ಸ್ವಲ್ಪ ಹೊತ್ತು ಕಾದರು. ಆಮೇಲೆ ತಲೆ ತಗ್ಗಿಸಿ ಮೌಸಿನ ಮೇಲಿಂದ ಕೈ ತೆಗೆದರು.